ಘಟ್ಟದ ಕೆಳಗಿನ ದ್ವೀಪ: ನೇತ್ರಾಣಿ ಮತ್ತು ನಾಲ್ಕು ತಾಲೂಕುಗಳ ವ್ಯಾಪಾರ

ಹಾನಗಲ್ಲ, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲೂಕುಗಳ ವ್ಯಾಪಾರಸ್ಥರಿಗೆ ದ್ವೀಪವೆಂದರೆ ಸಾಮಾನ್ಯವಾಗಿ ನೆನಪಿಗೆ ಬರುವುದು ಅಂಡಮಾನ್, ಲಕ್ಷದ್ವೀಪ ಅಥವಾ ಮಾಲ್ದೀವ್ಸ್. ಕಂಪನಿಗಳು ತಮ್ಮ ವಿತರಕರಿಗೆ ಬಹುಮಾನದ ರೂಪದಲ್ಲಿ ಏರ್ಪಡಿಸುವ ಪ್ರವಾಸಗಳ ಪಟ್ಟಿಯಲ್ಲಿಯೂ ಇಂತಹ ಹೆಸರುಗಳೇ ಕಾಣುತ್ತವೆ. ಆದರೆ ಹಾನಗಲ್ಲಿನಿಂದ ಸುಮಾರು 150 ಕಿಲೋಮೀಟರು ದೂರದಲ್ಲಿರುವ ಮುರುಡೇಶ್ವರದ ಎದುರು, ಅರಬ್ಬೀ ಸಮುದ್ರದಲ್ಲಿ, ಹವಳದ ಜೀವರಾಶಿಯನ್ನು ಹೊತ್ತ ಒಂದು ದ್ವೀಪವಿದೆ. ಅದೇ ನೇತ್ರಾಣಿ. ಕರ್ನಾಟಕದ ಕರಾವಳಿಯಲ್ಲಿ ಸ್ಕೂಬಾ ಡೈವಿಂಗ್‌ಗೆ ಹೆಸರಾದ ಸ್ಥಳವಿದು. ದ್ವೀಪಕ್ಕೆ ಹೋಗಿಬರುವ ಬಗೆ, ಅಲ್ಲಿ ಪಾಲಿಸಬೇಕಾದ ಎಚ್ಚರ, ಈ ಪ್ರವಾಸೋದ್ಯಮದಿಂದ ಘಟ್ಟದ ಮೇಲಿನ ನಾಲ್ಕು ತಾಲೂಕುಗಳಿಗೆ ಒದಗಬಹುದಾದ ವ್ಯಾಪಾರ, ಇವು ಮೂರೂ ಇಲ್ಲಿ ವಿಚಾರಿಸಬೇಕಾದ ಸಂಗತಿಗಳಾಗಿವೆ.

ಹತ್ತಿ ಇಳಿದ ದಾರಿ

ಈ ಭಾಗದ ವ್ಯಾಪಾರಕ್ಕೂ ಕರಾವಳಿಗೂ ಇರುವ ನಂಟು ಹೊಸದಲ್ಲ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತುಗಳ ಮೇಲೆ, ಅನಂತರ ಬಂಡಿಗಳಲ್ಲಿ, ಘಟ್ಟವಿಳಿದು ಕುಮಟಾ ಬಂದರನ್ನು ಸೇರುತ್ತಿತ್ತು. ಅಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿದ್ದ ಆ ದೇಶಿ ಹತ್ತಿಗೆ ಬೆಳೆದ ಊರಿನ ಹೆಸರು ನಿಲ್ಲದೆ, ಹಡಗೇರಿದ ಬಂದರಿನ ಹೆಸರೇ ನಿಂತಿತು. ಪೇಟೆಯಲ್ಲಿ ಅದು 'ಕುಮಟಾ ಹತ್ತಿ' ಎಂದೇ ಪ್ರಸಿದ್ಧವಾಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ದೊರೆಯದಂತಾದಾಗ ಈ ಹತ್ತಿಯ ಬೆಲೆ ಏರಿತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದುದರ ಹಿಂದೆಯೂ ಹತ್ತಿ ವ್ಯಾಪಾರದ ಒತ್ತಾಯವಿತ್ತು. ರೈಲು ಬಂದ ಮೇಲೆ ಸರಕು ಬೇರೆ ದಾರಿ ಹಿಡಿಯಿತು. ಕುಮಟಾ ಬಂದರಿನ ವೈಭವ ಇಳಿಯಿತು.

ದ್ವೀಪಗಳ ವ್ಯಾಪಾರವೂ ಕನ್ನಡ ಕರಾವಳಿಗೆ ಅಪರಿಚಿತವಾಗಿರಲಿಲ್ಲ. ಇಂದಿನ ಲಕ್ಷದ್ವೀಪದ ಉತ್ತರ ಭಾಗವಾದ ಅಮಿನಿದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲಾಡಳಿತಕ್ಕೆ ಒಳಪಟ್ಟಿದ್ದವು. ದ್ವೀಪದವರು ತೆಂಗಿನ ನಾರನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ದ್ವೀಪದಲ್ಲಿ ಬೆಳೆಯದುದನ್ನು ಒದಗಿಸುವುದೇ ದ್ವೀಪದ ವ್ಯಾಪಾರ ಎಂಬ ಈ ಹಳೆಯ ಸೂತ್ರ ಇಂದಿನ ಪ್ರವಾಸೋದ್ಯಮಕ್ಕೂ ಅನ್ವಯಿಸುತ್ತದೆ.

ದ್ವೀಪದ ಪರಿಚಯ

ನೇತ್ರಾಣಿಯು ಮುರುಡೇಶ್ವರದ ತೀರದಿಂದ ಸುಮಾರು 10 ನಾಟಿಕಲ್ ಮೈಲಿ, ಎಂದರೆ ಹೆಚ್ಚುಕಡಿಮೆ 19 ಕಿಲೋಮೀಟರು ದೂರದಲ್ಲಿದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ ತೋರುತ್ತದೆ. ಪಾರಿವಾಳಗಳ ವಾಸದಿಂದಾಗಿ ಇಂಗ್ಲಿಷರು ಇದನ್ನು ಪಿಜನ್ ಐಲ್ಯಾಂಡ್ ಎಂದು ಕರೆದರು. ದ್ವೀಪದ ಅಂಚುಗಳು ಕಡಿದಾದ ಬಂಡೆಗಳು. ಮರಳಿನ ತೀರವನ್ನು ನಿರೀಕ್ಷಿಸಿ ಹೋದವರಿಗೆ ನಿರಾಶೆಯಾಗುವುದು ಖಂಡಿತ. ಪ್ರವಾಸಿಗರು ಸಾಮಾನ್ಯವಾಗಿ ದ್ವೀಪದ ಮೇಲೆ ಇಳಿಯುವುದಿಲ್ಲ. ದೋಣಿಯು ಬಂಡೆಗಳ ಮರೆಯಲ್ಲಿ ನಿಲ್ಲುತ್ತದೆ, ಅಲ್ಲಿಂದಲೇ ನೀರಿಗಿಳಿಯುವುದು.

ದ್ವೀಪದಲ್ಲಿ ಭಿನ್ನ ಮತಗಳ ಮೀನುಗಾರರು ನಡೆದುಕೊಳ್ಳುವ ಆರಾಧನಾ ಸ್ಥಳಗಳಿವೆ. ಹರಕೆಯೊಪ್ಪಿಸಿ ಬಿಟ್ಟುಬಂದ ಆಡುಗಳು ಅಲ್ಲಿ ಕಾಡಾಡುಗಳಾಗಿ ಬೆಳೆದಿವೆ. ಬಿಳಿ ಹೊಟ್ಟೆಯ ಕಡಲ ಹದ್ದು ಇಲ್ಲಿ ಗೂಡು ಕಟ್ಟುತ್ತದೆ. ತನ್ನ ಜೊಲ್ಲಿನಿಂದಲೇ ಗೂಡು ಕಟ್ಟುವ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿಯೂ ಇಲ್ಲಿಯ ಗುಹೆಗಳ ನಿವಾಸಿ. ನೀರಿನ ಕೆಳಗೆ ಹವಳಗಳ ನಡುವೆ ಗಿಳಿಮೀನು, ಚಿಟ್ಟೆಮೀನು, ಟ್ರಿಗರ್ ಮೀನು, ಹಾವುಮೀನು, ಬರಾಕುಡ, ಕೋಬಿಯಾ ಮುಂತಾದವು ಕಾಣಸಿಗುತ್ತವೆ. ಕಡಲಾಮೆಗಳು ಆಗಾಗ, ತಿಮಿಂಗಿಲ ಶಾರ್ಕ್ ಅಪರೂಪಕ್ಕೆ ಕಾಣಿಸಿಕೊಳ್ಳುವುದುಂಟು. ದಿವಂಗತ ನಟ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ಸಾಕ್ಷ್ಯಚಿತ್ರವು 2022ರಲ್ಲಿ ತೆರೆಕಂಡಾಗ ಈ ನೀರಿನಾಳದ ದೃಶ್ಯಗಳನ್ನು ನಾಡಿನ ಜನ ಪರದೆಯ ಮೇಲೆ ಕಂಡರು.

ಮುರುಡೇಶ್ವರದ ಬೆಳವಣಿಗೆಯೂ ಒಬ್ಬ ಉದ್ಯಮಿಯ ದೂರದೃಷ್ಟಿಯ ಫಲ. 1928ರಲ್ಲಿ ಇಲ್ಲಿ ಜನಿಸಿ, ಗುತ್ತಿಗೆದಾರರಾಗಿ ಮೇಲೆ ಬಂದ ಆರ್. ಎನ್. ಶೆಟ್ಟಿಯವರು ದೇವಾಲಯದ ಜೀರ್ಣೋದ್ಧಾರ, 123 ಅಡಿ ಎತ್ತರದ ಶಿವನ ಮೂರ್ತಿ, 2008ರಲ್ಲಿ ಉದ್ಘಾಟನೆಗೊಂಡ 20 ಅಂತಸ್ತುಗಳ ರಾಜಗೋಪುರ ಮತ್ತು ವಸತಿಗೃಹಗಳ ಮೂಲಕ ಒಂದು ಮೀನುಗಾರರ ಊರನ್ನು ದೇಶದ ಪ್ರವಾಸಿ ನಕ್ಷೆಯಲ್ಲಿ ನಿಲ್ಲಿಸಿದರು. ಅವರು 2020ರ ಡಿಸೆಂಬರ್‌ನಲ್ಲಿ ನಿಧನರಾದರು. ಮೊದಲು ಯಾತ್ರಿಕರು ಬಂದರು, ಅವರಿಗಾಗಿ ವಸತಿ ಎದ್ದಿತು, ಆ ವಸತಿಯ ಆಸರೆಯಲ್ಲಿ ಡೈವಿಂಗ್ ವ್ಯವಹಾರ ಬೇರೂರಿತು. ಮೂಲಸೌಕರ್ಯ ಮೊದಲು, ಸಾಹಸ ಕ್ರೀಡೆ ಅನಂತರ ಎಂಬ ಈ ಕ್ರಮ ಗಮನಾರ್ಹ.

ನೀರಿಗಿಳಿಯುವ ಬಗೆ

ಸ್ಕೂಬಾ ಎಂದರೆ ಉಸಿರಾಟದ ಉಪಕರಣದೊಂದಿಗೆ ನೀರಿನಡಿ ಸಂಚರಿಸುವುದು. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಆಮ್ಲಜನಕ ಮಾತ್ರ ಇರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮನರಂಜನೆಯ ಡೈವಿಂಗ್‌ನಲ್ಲಿ ಸಾಮಾನ್ಯವಾಗಿ ಬಳಸುವುದು ಒತ್ತಡದಲ್ಲಿ ತುಂಬಿದ ಸಾಧಾರಣ ಗಾಳಿ. ಮೊದಲ ಬಾರಿಗೆ ಇಳಿಯುವವರಿಗೆ ತೀರದಲ್ಲಿ ಅಥವಾ ಈಜುಕೊಳದಲ್ಲಿ ತರಬೇತಿ ಕೊಟ್ಟು, ಬೋಧಕರ ಜೊತೆಯಲ್ಲಿ 12 ಮೀಟರಿಗೆ ಮೀರದ ಆಳಕ್ಕೆ ಕರೆದೊಯ್ಯಲಾಗುತ್ತದೆ. ದೋಣಿಯ ಪ್ರಯಾಣಕ್ಕೆ ಸುಮಾರು ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಆದ್ದರಿಂದ ಅರ್ಧ ದಿನವನ್ನು ಇದಕ್ಕೇ ಮೀಸಲಿಡಬೇಕು.

ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆ ದೇಹದ ಮೇಲಿನ ಒತ್ತಡ ಒಂದು ವಾಯುಭಾರದಷ್ಟು ಹೆಚ್ಚುತ್ತದೆ. ಇದರಿಂದ ಮೊದಲು ನೋಯುವುದು ಕಿವಿ. ಮೂಗು ಹಿಡಿದು ಮೆಲ್ಲಗೆ ಉಸಿರೊತ್ತಿ ಒತ್ತಡವನ್ನು ಸಮಗೊಳಿಸುವುದನ್ನು ಬೋಧಕರು ಕಲಿಸುತ್ತಾರೆ. ನೆಗಡಿಯಾದವರು ಹೀಗೆ ಮಾಡಲಾರರು. ಆದಕಾರಣ ಅಂದು ಇಳಿಯದಿರುವುದೇ ಲೇಸು. ನೀರಿನಡಿ ಉಸಿರು ಕಟ್ಟಬಾರದು ಎಂಬುದು ಎಲ್ಲಕ್ಕಿಂತ ಮುಖ್ಯ ನಿಯಮ. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗುವುದರಿಂದ, ಉಸಿರು ಬಿಗಿಹಿಡಿದವರ ಶ್ವಾಸಕೋಶಕ್ಕೆ ಗಂಭೀರ ಹಾನಿಯಾಗಬಹುದು. ಹೃದ್ರೋಗ, ಉಬ್ಬಸ, ಅಪಸ್ಮಾರ ಇದ್ದವರು ವೈದ್ಯರ ಅನುಮತಿಯಿಲ್ಲದೆ ಇಳಿಯಬಾರದು. ಸಂಸ್ಥೆಗಳು ಕೊಡುವ ಆರೋಗ್ಯ ನಮೂನೆಯನ್ನು ಓದದೆ ಸಹಿ ಮಾಡುವ ರೂಢಿ ಇಲ್ಲಿ ಸಲ್ಲದು.

ಘಟ್ಟ ಹತ್ತುವ ಮುನ್ನ

ಬಯಲು ಸೀಮೆಯ ಪ್ರವಾಸಿಗರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ಸಾರಜನಕವು ರಕ್ತ ಮತ್ತು ಅಂಗಾಂಶಗಳಲ್ಲಿ ಹೆಚ್ಚಾಗಿ ಕರಗುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಹೊರಗಿನ ಒತ್ತಡ ಬೇಗ ಇಳಿದರೆ ಗುಳ್ಳೆಗಳುಂಟಾಗಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ತೊಂದರೆ ಬರಬಹುದು. ಈ ಕಾರಣಕ್ಕಾಗಿಯೇ ಒಂದು ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನವೇರಬಾರದೆಂದು ಡೈವಿಂಗ್ ಕ್ಷೇತ್ರದ ಮಾರ್ಗಸೂಚಿ ಹೇಳುತ್ತದೆ.

ಶಿರಸಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರು ಎತ್ತರದಲ್ಲಿದೆ. ಹಾವೇರಿ ಜಿಲ್ಲೆಯ ಬಹುಭಾಗವೂ ಸುಮಾರು ಅದೇ ಎತ್ತರದಲ್ಲಿದೆ. ಡೈವಿಂಗ್ ತರಬೇತಿಯಲ್ಲಿ 300 ಮೀಟರು ಮೀರಿದ ಸ್ಥಳವನ್ನು ಎತ್ತರದ ಪ್ರದೇಶವೆಂದೇ ಪರಿಗಣಿಸಲಾಗುತ್ತದೆ. ಕಡಿಮೆ ಆಳದ ಒಂದೇ ಡೈವ್ ಮಾಡಿದವರಿಗೆ ಘಟ್ಟ ಹತ್ತುವುದರಿಂದ ಅಪಾಯ ಅಲ್ಪವೇ ಸರಿ. ಆದರೂ ಬೆಳಿಗ್ಗೆ ಎರಡು ಮೂರು ಬಾರಿ ನೀರಿಗಿಳಿದು, ಊಟ ಮುಗಿಸಿ, ನೇರವಾಗಿ ದೇವಿಮನೆ ಘಟ್ಟ ಹತ್ತುವ ಯೋಜನೆ ಹಾಕಿಕೊಂಡವರು ಅದನ್ನು ಬೋಧಕರಿಗೆ ಮೊದಲೇ ತಿಳಿಸಿ ಸಲಹೆ ಪಡೆಯತಕ್ಕದ್ದು. ಒಂದು ರಾತ್ರಿ ತೀರದಲ್ಲಿಯೇ ತಂಗುವುದು ಆರೋಗ್ಯಕ್ಕೂ ಹಿತ, ರಾತ್ರಿ ವೇಳೆ ಘಟ್ಟದಲ್ಲಿ ವಾಹನ ನಡೆಸುವ ಅಪಾಯವನ್ನೂ ತಪ್ಪಿಸುತ್ತದೆ.

ದಾರಿ ಮತ್ತು ಕಾಲ

ಹಾನಗಲ್ಲಿನವರಿಗೆ ಶಿರಸಿ, ಕುಮಟಾ, ಹೊನ್ನಾವರ ಮಾರ್ಗ ನೇರವಾದುದು. ಶಿಗ್ಗಾವಿ ಮತ್ತು ಸವಣೂರಿನವರು ಮುಂಡಗೋಡದ ಮೂಲಕ ಶಿರಸಿ ಸೇರಬಹುದು. ಹಿರೇಕೆರೂರಿನವರಿಗೆ ಶಿರಾಳಕೊಪ್ಪ, ಸಾಗರ, ಜೋಗ, ಗೇರುಸೊಪ್ಪೆಗಳ ಮೂಲಕ ಹೊನ್ನಾವರಕ್ಕೆ ಇಳಿಯುವ ದಾರಿಯಿದೆ. ಶಿರಸಿ–ಕುಮಟಾ ರಸ್ತೆಯ ಅಗಲೀಕರಣಕ್ಕಾಗಿ ಕಳೆದ ಕೆಲವು ವರ್ಷಗಳಲ್ಲಿ ದೇವಿಮನೆ ಭಾಗದಲ್ಲಿ ಸಂಚಾರವನ್ನು ನಿರ್ಬಂಧಿಸಿದ್ದುಂಟು. ಮಳೆಗಾಲದ ಭೂಕುಸಿತಗಳೂ ಹೊಸತಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ದುರಂತ ಇನ್ನೂ ಹಸಿಯಾಗಿದೆ. ಹೊರಡುವ ಮುನ್ನ ರಸ್ತೆಯ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಅವಶ್ಯ. ರೈಲಿನಲ್ಲಿ ಬರುವ ಅತಿಥಿಗಳಿಗೆ ಕೊಂಕಣ ರೈಲು ಮಾರ್ಗದಲ್ಲಿ ಮುರುಡೇಶ್ವರ ನಿಲ್ದಾಣವಿದೆ.

ಡೈವಿಂಗ್ ಕಾಲ ಸ್ಥೂಲವಾಗಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ. ಮಳೆಗಾಲದಲ್ಲಿ ಕಡಲು ಉಕ್ಕುವುದರಿಂದಲೂ ನೀರು ಕದಡುವುದರಿಂದಲೂ ಚಟುವಟಿಕೆ ನಿಲ್ಲುತ್ತದೆ. ಇಲ್ಲಿಯೇ ಪೇಟೆಯ ಲೆಕ್ಕಕ್ಕೂ ಕಡಲಿನ ಲೆಕ್ಕಕ್ಕೂ ತಾಳೆಯಾಗದು. ಗೋವಿನಜೋಳ, ಹತ್ತಿಗಳ ಆವಕ ಹೆಚ್ಚಿದಾಗ ಅಡತಿ ಅಂಗಡಿಯವರಿಗೆ ಬಿಡುವಿಲ್ಲ. ಮಾವಿನ ಸುಗ್ಗಿಯಲ್ಲಿ ಹಾನಗಲ್ಲಿಗೆ ಪುರುಸೊತ್ತಿಲ್ಲ. ಬಿಡುವು ಸಿಗುವ ಮಳೆಗಾಲದಲ್ಲಿ ಕಡಲು ಮುಚ್ಚಿರುತ್ತದೆ. ಆದ್ದರಿಂದ ತಮ್ಮ ತಮ್ಮ ವ್ಯಾಪಾರದ ಸುಗ್ಗಿಯನ್ನು ನೋಡಿಕೊಂಡು, ರಜೆಯ ದಿನಗಳ ನೂಕುನುಗ್ಗಲು ತಪ್ಪಿಸಿ, ವಾರದ ನಡುವಿನ ಎರಡು ದಿನಗಳನ್ನು ಆರಿಸಿಕೊಳ್ಳುವುದು ಜಾಣತನ.

ಅದೇ ಪ್ರವಾಸದಲ್ಲಿ ಹೊನ್ನಾವರ ಪರಿಸರವನ್ನೂ ನೋಡಿಬರಬಹುದು. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡ ಕಡಲತೀರ, ಶರಾವತಿ ಹಿನ್ನೀರಿನ ಕಾಂಡ್ಲಾ ವನ, ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ಮರಳು ದಂಡೆ ಇಲ್ಲಿವೆ. ರಾಜ್ಯದ ಮೊದಲ ಕಡಲ ವನ್ಯಧಾಮವಾಗಿ ಘೋಷಿತವಾದ ಅಪ್ಸರಕೊಂಡ–ಮುಗಳಿ ಪ್ರದೇಶವೂ ಈ ತಾಲೂಕಿನದೇ.

ತೀರದಲ್ಲಿ ಎಚ್ಚರ

ಡೈವಿಂಗ್‌ನಲ್ಲಿ ಬೋಧಕರಿರುತ್ತಾರೆ, ಜೀವರಕ್ಷಕ ಸಾಧನಗಳಿರುತ್ತವೆ. ಅಪಾಯ ಹೆಚ್ಚಾಗಿ ಎರಗುವುದು ತೀರದಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಆಡಲು ಇಳಿದವರ ಮೇಲೆ. 2024ರ ಡಿಸೆಂಬರ್‌ನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಮೃತಪಟ್ಟರು. ಆ ಬಳಿಕ ಕಡಲತೀರಕ್ಕೆ ಪ್ರವೇಶವನ್ನು ಕೆಲಕಾಲ ನಿಷೇಧಿಸಲಾಯಿತು. ಕೆರೆ, ಹೊಳೆಗಳಲ್ಲಿ ಈಜು ಕಲಿತವರಿಗೆ ಕಡಲಿನ ಸೆಳೆತದ ಅರಿವಿರುವುದಿಲ್ಲ. ತೀರದಿಂದ ಒಳಕ್ಕೆಳೆಯುವ ಸೆಳೆತಕ್ಕೆ ಸಿಕ್ಕವರು ಅದಕ್ಕೆದುರಾಗಿ ಈಜಿ ಸುಸ್ತಾಗುವ ಬದಲು, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು. ಕಾರ್ಮಿಕರನ್ನಾಗಲಿ, ವಿತರಕರನ್ನಾಗಲಿ ತಂಡವಾಗಿ ಕರೆದೊಯ್ಯುವ ಮಾಲೀಕರು ಜೀವರಕ್ಷಕರಿರುವ ಜಾಗದಲ್ಲಿ ಮಾತ್ರ ನೀರಿಗಿಳಿಯಲು ಬಿಡಬೇಕು. ಮದ್ಯ ಸೇವಿಸಿದವರನ್ನು ನೀರಿನ ಹತ್ತಿರಕ್ಕೂ ಬಿಡಬಾರದು. ತಂಡದ ಹೊಣೆ ಒಬ್ಬರಿಗೆ ವಹಿಸಿ, ತಲೆಯೆಣಿಕೆ ಇಟ್ಟುಕೊಳ್ಳುವುದು ವಾಡಿಕೆಯಾಗಬೇಕು.

ಬಹುಮಾನದ ಪ್ರವಾಸ ಮತ್ತು ತೆರಿಗೆ

ಬೀಜ, ಗೊಬ್ಬರ, ಸಿಮೆಂಟು, ಬಣ್ಣ ಮುಂತಾದ ವ್ಯಾಪಾರಗಳಲ್ಲಿ ಗುರಿ ಮುಟ್ಟಿದ ವಿತರಕರಿಗೆ ಪ್ರವಾಸದ ಬಹುಮಾನ ಕೊಡುವುದು ರೂಢಿ. 2022ರ ಜುಲೈ 1ರಿಂದ ಜಾರಿಗೆ ಬಂದ, ಅಂದಿನ ಆದಾಯ ತೆರಿಗೆ ಕಾಯಿದೆಯ 194ಆರ್ ಕಲಮಿನಿಂದ ಆರಂಭವಾದ ನಿಯಮದಂತೆ, ಒಬ್ಬ ನಿವಾಸಿ ವ್ಯಾಪಾರಿಗೆ ವ್ಯಾಪಾರ ಸಂಬಂಧದಿಂದ ಒಂದು ವರ್ಷದಲ್ಲಿ 20,000 ರೂಪಾಯಿ ಮೀರಿದ ಸೌಲಭ್ಯ ಕೊಟ್ಟರೆ ಅದರ ಮೇಲೆ ಶೇಕಡಾ 10ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಡಿತ ಮಾಡಬೇಕು. ಪ್ರವಾಸವೂ ಇಂತಹ ಸೌಲಭ್ಯವೇ. ಹಿಂದಿನ ವರ್ಷ ವ್ಯಾಪಾರದ ವಹಿವಾಟು 1 ಕೋಟಿ ರೂಪಾಯಿ ಮೀರದ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಕಡಿತ ಮಾಡುವ ಹೊಣೆಯಿಂದ ವಿನಾಯಿತಿಯಿದೆ. ವಿದೇಶಿ ದ್ವೀಪದ ಪ್ರವಾಸವು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ನೇತ್ರಾಣಿಯಂತಹ ಎರಡು ದಿನಗಳ ಪ್ರವಾಸವನ್ನು ಮಿತಿಯೊಳಗೆ ಮುಗಿಸಬಹುದು. ಆದರೆ ಮಿತಿ ಇಡೀ ವರ್ಷದ ಎಲ್ಲ ಸೌಲಭ್ಯಗಳಿಗೂ ಸೇರಿ ಅನ್ವಯಿಸುವುದರಿಂದ, ಮೊದಲೇ ಲೆಕ್ಕಪರಿಶೋಧಕರೊಡನೆ ಚರ್ಚಿಸುವುದು ಒಳಿತು.

ಘಟ್ಟವಿಳಿಯಬಹುದಾದ ಸರಕು

ಕರಾವಳಿಯ ಹೋಟೆಲು, ಹೋಂ ಸ್ಟೇ, ರೆಸಾರ್ಟುಗಳಿಗೆ ಅಕ್ಕಿ, ತರಕಾರಿ, ಮೆಣಸಿನಕಾಯಿ, ಹಣ್ಣು ನಿತ್ಯ ಬೇಕು. ಹಾನಗಲ್ಲಿನ ಆಪೂಸು ಮಾವು, ಸವಣೂರಿನ ವೀಳ್ಯದೆಲೆ, ಬ್ಯಾಡಗಿಯ ಮೆಣಸಿನಕಾಯಿ ಇವು ಗುಣದಲ್ಲಿ ಹೆಸರಾದವು. ಪ್ರವಾಸಿಗರು ಊರಿಗೆ ಒಯ್ಯುವ ಉಡುಗೊರೆಯಾಗಿ ಸವಣೂರು ಖಾರ, ಹಾವೇರಿಯ ಏಲಕ್ಕಿ ಹಾರ ಸಲ್ಲುತ್ತವೆ. ಇಂತಹ ತಿನಿಸುಗಳು ಅಂಗಡಿಯ ಪೊಟ್ಟಣದಿಂದ ಹೊರಬಂದು, ತಯಾರಿಕೆಯ ದಿನಾಂಕ, ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆಯುಳ್ಳ ಗಾಳಿಯಾಡದ ಪ್ಯಾಕೆಟ್ಟಿಗೆ ಬಂದರೆ ಮಾತ್ರ ದೂರದ ಮಾರುಕಟ್ಟೆ ಸಿಗುತ್ತದೆ. ಕಡಲ ತೀರದ ತೇವಾಂಶದಲ್ಲಿ ಖಾರ ಬೇಗ ಮೆತ್ತಗಾಗುವುದರಿಂದ ಪ್ಯಾಕಿಂಗ್‌ನ ಗುಣಮಟ್ಟವೇ ಇಲ್ಲಿ ಗೆಲ್ಲಿಸುವ ಅಂಶ.

ಇನ್ನೊಂದು ಅವಕಾಶ ಅಡಕೆ ಹಾಳೆಯ ತಟ್ಟೆಗಳದು. ಹಾನಗಲ್ಲ, ಹಿರೇಕೆರೂರು ಭಾಗಗಳಲ್ಲಿ ಅಡಕೆ ತೋಟಗಳು ವಿಸ್ತರಿಸಿವೆ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಮುಂತಾದ ಒಮ್ಮೆ ಬಳಸಿ ಎಸೆಯುವ ವಸ್ತುಗಳನ್ನು ನಿಷೇಧಿಸಲಾಗಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಅಡಕೆ ಹಾಳೆಯ ತಟ್ಟೆಗಳ ಆಮದಿಗೆ ತಡೆಯೊಡ್ಡಿದಾಗ, ರಫ್ತನ್ನೇ ನೆಚ್ಚಿದ್ದ ಘಟಕಗಳು ಆಘಾತಕ್ಕೊಳಗಾದವು. ಒಂದೇ ಮಾರುಕಟ್ಟೆಯನ್ನು ನೆಚ್ಚಿಕೊಳ್ಳುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದು ನಿದರ್ಶನ. ಸ್ವದೇಶಿ ಬಳಕೆಯ ಗ್ರಾಹಕರನ್ನು ಅರಸುವಾಗ ಹತ್ತಿರದ ಕರಾವಳಿಯನ್ನು ಮರೆಯಬಾರದು.

ವ್ಯಾಪಾರ ಕೆಳಗಿಳಿಯುವಂತೆ ಪ್ರವಾಸಿಗರು ಮೇಲೆಯೂ ಬರಬಹುದು. ಹಾನಗಲ್ಲಿನ ತಾರಕೇಶ್ವರ ದೇವಾಲಯ, ಬಂಕಾಪುರ ಕೋಟೆಯ ನವಿಲುಧಾಮ, ಕನಕದಾಸರ ಜನ್ಮಸ್ಥಳವಾದ ಬಾಡ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಸವಣೂರಿನ ದೊಡ್ಡ ಹುಣಸೆ ಮಠದ ಆಫ್ರಿಕಾ ಮೂಲದ ಬೃಹತ್ ಮರಗಳು, ಹಿರೇಕೆರೂರು ಭಾಗದ ಮದಗ ಮಾಸೂರು ಕೆರೆ ಮತ್ತು ಸರ್ವಜ್ಞನ ನೆನಪಿನ ಅಬಲೂರು, ಇವೆಲ್ಲ ಮುಂಬಯಿ–ಬೆಂಗಳೂರು ಹೆದ್ದಾರಿಯಿಂದ ಕರಾವಳಿಗೆ ಹೋಗುವವರಿಗೆ ಸುತ್ತಿನ ದಾರಿಯಲ್ಲ. ಸ್ವಚ್ಛ ಶೌಚಾಲಯ, ಒಳ್ಳೆಯ ಊಟ, ಮಾಹಿತಿ ಫಲಕ ಇವಿಷ್ಟು ಇದ್ದರೆ ಅರ್ಧ ದಿನ ನಿಲ್ಲುವ ಪ್ರವಾಸಿಗರು ಸಿಕ್ಕಾರು.

ಮೂಲಧನ ಕರಗಬಾರದು

ಇಷ್ಟೆಲ್ಲ ವ್ಯವಹಾರದ ಮೂಲಧನ ಹವಳ. ಹವಳವು ಕಲ್ಲಿನಂತೆ ಕಂಡರೂ ಸಜೀವ. ಅದು ಬೆಳೆಯುವುದು ಬಹು ನಿಧಾನ. ಒಂದು ದೋಣಿಯ ಲಂಗರು ಎಳೆದಾಡಿದರೆ ವರ್ಷಗಳ ಬೆಳವಣಿಗೆ ಕ್ಷಣದಲ್ಲಿ ಮುರಿಯುತ್ತದೆ. ಹಿಂದೆ ನೌಕಾಪಡೆಯು ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿಕೊಂಡಿದ್ದಕ್ಕೆ ಮೀನುಗಾರರೂ ಪರಿಸರಾಸಕ್ತರೂ ಆಕ್ಷೇಪವೆತ್ತಿದ್ದರು. ಸಮುದ್ರದ ನೀರು ಬಿಸಿಯಾದಾಗ ಹವಳ ಬಿಳಿಚಿ ಸಾಯುತ್ತದೆ. ಪ್ರಪಂಚದಾದ್ಯಂತ ನಾಲ್ಕನೆಯ ಬಾರಿ ಹವಳ ಬಿಳಿಚಿಕೆ ನಡೆಯುತ್ತಿದೆಯೆಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಸಾರಿದರು. ಆ ವರ್ಷ ಲಕ್ಷದ್ವೀಪದ ಹವಳಗಳೂ ಬಾಧೆಗೊಳಗಾದವು. ನೀರಿನ ತಾಪವನ್ನು ತಡೆಯುವುದು ಸ್ಥಳೀಯರ ಕೈಯಲ್ಲಿಲ್ಲ. ಲಂಗರು, ಕಸ, ಜನದಟ್ಟಣೆ ಇವನ್ನು ತಡೆಯುವುದು ಮಾತ್ರ ಕೈಯಲ್ಲಿದೆ.

ವ್ಯಾಪಾರಸ್ಥರು ಕಾನೂನನ್ನೂ ಅರಿತಿರಬೇಕು. ದಿಬ್ಬ ಕಟ್ಟುವ ಹವಳಗಳು, ತಿಮಿಂಗಿಲ ಶಾರ್ಕ್ ಹಾಗೂ ಕೆಲವು ಬಗೆಯ ಚಿಪ್ಪುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ರಕ್ಷಿತ ಜೀವಿಗಳ ಹವಳದ ತುಂಡು, ಚಿಪ್ಪುಗಳನ್ನು ಅಲಂಕಾರ ವಸ್ತುವೆಂದು ತಂದು ಅಂಗಡಿಯಲ್ಲಿ ಮಾರುವುದು ಅಪರಾಧ. ನೆನಪಿಗೆಂದು ಕಿತ್ತುತರುವುದಕ್ಕೂ ಅನುಮತಿಯಿಲ್ಲ. ಡೈವಿಂಗ್ ಸಂಸ್ಥೆಯನ್ನು ಆರಿಸುವಾಗ ಕಡಿಮೆ ದರವೊಂದನ್ನೇ ನೋಡದೆ, ಬೋಧಕರ ಪ್ರಮಾಣಪತ್ರ, ಒಬ್ಬ ಬೋಧಕನಿಗೆ ಎಷ್ಟು ಜನ, ದೋಣಿಯಲ್ಲಿ ತುರ್ತು ಆಮ್ಲಜನಕ ಮತ್ತು ಎಲ್ಲರಿಗೂ ಜೀವರಕ್ಷಕ ಜಾಕೀಟು ಇದೆಯೇ, ಹವಳದ ಮೇಲೆ ಲಂಗರು ಹಾಕುವುದಿಲ್ಲವೇ ಎಂಬುದನ್ನು ಕೇಳಬೇಕು. ಗ್ರಾಹಕರು ಹೀಗೆ ಕೇಳತೊಡಗಿದರೆ ಒಳ್ಳೆಯ ಸಂಸ್ಥೆಗಳು ಉಳಿಯುತ್ತವೆ. ಕೇಳದಿದ್ದರೆ ದರ ಇಳಿಸುವ ಪೈಪೋಟಿಯಲ್ಲಿ ಸುರಕ್ಷತೆಯೂ ಹವಳವೂ ಮೊದಲು ಹೋಗುತ್ತವೆ.

ನಾಲ್ಕೂ ತಾಲೂಕುಗಳ ವರ್ತಕರ ಸಂಘಗಳು ಒಂದಾಗಿ ಮುಂದಿನ ಅಕ್ಟೋಬರ್‌ಗೆ ಮುನ್ನ ಮೂರು ಕೆಲಸ ಕೈಗೊಳ್ಳಬಹುದು. ಭಟ್ಕಳ, ಹೊನ್ನಾವರ ಭಾಗದ ಹೋಟೆಲು ಮಾಲೀಕರೊಡನೆ ಸಭೆ ಸೇರಿ ಅವರಿಗೆ ಬೇಕಾದ ಸರಕಿನ ಪಟ್ಟಿ ಪಡೆಯುವುದು, ಆಯ್ದ ಉತ್ಪನ್ನಗಳ ಮಾದರಿಗಳನ್ನು ಒಂದೇ ವಾಹನದಲ್ಲಿ ಕಳುಹಿಸಿ ಸಾಗಣೆಯ ವೆಚ್ಚ ಲೆಕ್ಕ ಹಾಕುವುದು, ಸದಸ್ಯರ ಕುಟುಂಬಗಳಿಗಾಗಿ ಸುರಕ್ಷಿತವಾದ ಒಂದು ಸಾಮೂಹಿಕ ಪ್ರವಾಸ ಏರ್ಪಡಿಸುವುದು. ಮೊದಲ ವರ್ಷ ದೊಡ್ಡ ಲಾಭ ಬಾರದಿರಬಹುದು. ಆದರೆ ಕುಮಟಾ ಹತ್ತಿಯ ಕಾಲದಲ್ಲಿ ಬೆಳೆದವರ ಹೆಸರು ಪೇಟೆಗೆ ಮುಟ್ಟದೆ ಹೋಯಿತು; ಈ ಬಾರಿ ಕಳುಹಿಸುವ ಪ್ರತಿ ಪ್ಯಾಕೆಟ್ಟಿನ ಮೇಲೂ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ಊರ ಹೆಸರು ಅಚ್ಚಾಗಿರಲಿ.